ಹಣ್ಣು ಇಲ್ಲದ ದಿನ

ಮಾರ್ಚ್ ೪

ಪಿಟೀಲು,

ನೀನು ಹೊಸ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಇಷ್ಟರಲ್ಲಿ ನಿನ್ನಿಂದ ಬಂದದ್ದು ಎರಡೇ ಪತ್ರ, ಅವೂ ಹಲ್ಲಿನ ಡಾಕ್ಟರು ಕೊಡುವ ರಸೀದಿಯಂತಿವೆ. ‘ಕ್ಷೇಮ. ಊಟ ಪರವಾಗಿಲ್ಲ. ಚಳಿ ಇದೆ.’ ಇಷ್ಟು ಬರೆಯುವುದಕ್ಕೆ ಸರ್ಕಾರದವರು ನಿನಗೆ ಅಷ್ಟೊಂದು ತರಬೇತಿ ಕೊಟ್ಟರೇ? ಚಿಕ್ಕವಳಿದ್ದಾಗ ಬೆಳಗಿನಿಂದ ಸಂಜೆಯವರೆಗೆ ಒಂದೇ ರಾಗ ಎಳೆದು ನನ್ನ ತಲೆ ತಿನ್ನುತ್ತಿದ್ದೆ ಎಂದೇ ನಿನ್ನನ್ನು ಪಿಟೀಲು ಎಂದು ಕರೆದದ್ದು. ಆ ಪಿಟೀಲಿನ ತಂತಿಯನ್ನು ಯಾರು ಕಿತ್ತಿಟ್ಟುಕೊಂಡರು?

ಇಲ್ಲಿ ನಮ್ಮ ಪಾರ್ಲರಿನಲ್ಲಿ ಈಗ ಒಂದೇ ಮಾತು: ಲೋಕ ಯಾವಾಗ ಮುಗಿಯುತ್ತದೆ, ಹೇಗೆ ಮುಗಿಯುತ್ತದೆ. ಪೇಪರಿನಲ್ಲಿ ಯಾರೋ ಏನೋ ಬರೆದರಂತೆ. ಕುರ್ಚಿಯಲ್ಲಿ ಕೂತವರೆಲ್ಲರೂ ಪಂಡಿತರೇ. ಬ್ಯಾಂಕಿನ ಮೇಡಂ ಪ್ರಕಾರ ಆಕಾಶದಿಂದ ದೊಡ್ಡ ಕಲ್ಲೊಂದು ಬೀಳುತ್ತದೆ. ಔಷಧಿ ಅಂಗಡಿಯವನ ಹೆಂಡತಿ ರೋಗ ಎನ್ನುತ್ತಾಳೆ, ಇನ್ನೂ ಹೆಸರಿಡದ ರೋಗ. ಹೇಳುವಾಗ ಅವಳ ಮುಖದಲ್ಲಿ ಸ್ವಲ್ಪ ವ್ಯಾಪಾರದ ಕಳೆ ಇತ್ತು. ವಿಜ್ಞಾನದ ಟೀಚರು ಮಾತ್ರ ಸೂರ್ಯನೇ ಉಬ್ಬಿ ಎಲ್ಲವನ್ನೂ ನುಂಗುತ್ತಾನೆ, ಆದರೆ ಅದಕ್ಕೆ ಇನ್ನೂ ಕೋಟ್ಯಂತರ ವರ್ಷ ಇದೆ ಎಂದು ಸಮಾಧಾನ ಹೇಳಿದರು. ‘ಹಾಗಾದ್ರೆ ಡೈ ಹಾಕ್ಬಿಡ್ಲಾ ಟೀಚರ್?’ ಎಂದೆ. ‘ಹಾಕ್ಬಿಡಿ, ಹಾಕ್ಬಿಡಿ’ ಎಂದರು.

ನನಗಂತೂ ಇದರಲ್ಲಿ ನಂಬಿಕೆಯಿಲ್ಲ. ನಿನ್ನಪ್ಪ ನಮ್ಮನ್ನು ಬಿಟ್ಟು ಹೋದ ದಿನವೇ ಲೋಕ ಮುಗಿಯಿತು ಎಂದುಕೊಂಡಿದ್ದೆ. ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುವುದರೊಳಗೆ ಕೂದಲು ಕತ್ತರಿಸಿಕೊಳ್ಳಲು ಜನ ಕಾದು ನಿಂತಿದ್ದರು.

ನೀನು ಸರ್ಕಾರದ ಒಳಗೇ ಇರುವವಳು, ಅದೂ ನೆಲದ ಕೆಳಗೆ. ನಿನಗೇನಾದರೂ ಗೊತ್ತಿದ್ದರೆ ಈಗಲೇ ಹೇಳಿಬಿಡು. ಅಂಗಡಿಗೆ ಬಣ್ಣ ಹೊಡೆಸಬೇಕೆಂದಿದ್ದೇನೆ, ಸುಮ್ಮನೆ ದಂಡವಾಗುವುದು ಬೇಡ.

ನಿನ್ನ ಅಮ್ಮ


ಮಾರ್ಚ್ ೨೩

ಅಮ್ಮ,

ನಾನು ಕ್ಷೇಮ. ಕೆಲಸದ ವಿಷಯ ಬರೆಯುವಂತಿಲ್ಲ. ಇಲ್ಲಿಗೆ ಬರುವ, ಇಲ್ಲಿಂದ ಹೋಗುವ ಪತ್ರಗಳನ್ನೆಲ್ಲ ಓದಿಯೇ ಕಳಿಸುತ್ತಾರೆ. ನಿನ್ನ ಪತ್ರ ಓದಿದವರು ನಕ್ಕರಂತೆ. ಊಟಕ್ಕೆ ಬ್ರೆಡ್ಡು, ಬೇಯಿಸಿದ ತರಕಾರಿ. ಕೆಲವು ದಿನ ಹಣ್ಣು ಹೆಚ್ಚಿ ಕೊಡುತ್ತಾರೆ. ಜೊತೆಯವರು ಒಳ್ಳೆಯವರು.

ಅಂಗಡಿಗೆ ಬಣ್ಣ ಹೊಡೆಸು.

ನಿನ್ನ ಮಗಳು


ಏಪ್ರಿಲ್ ೨

ಪಿಟೀಲು,

ಬಣ್ಣ ಹೊಡೆಸಿದೆ. ತಿಳಿ ಹಳದಿ. ಕನ್ನಡಿಯಲ್ಲಿ ಎಲ್ಲರೂ ಕಾಮಾಲೆ ಬಂದವರಂತೆ ಕಾಣುತ್ತಾರೆ, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ.

ಬೇಯಿಸಿದ ತರಕಾರಿ ಕಂಡರೆ ತಟ್ಟೆ ತಳ್ಳುತ್ತಿದ್ದವಳು ನೀನು. ಅದನ್ನು ಒಂದು ದೂರೂ ಇಲ್ಲದೆ ತಿನ್ನುತ್ತಿದ್ದೀಯ ಎಂದರೆ ಅಲ್ಲಿ ಏನೋ ಇದೆ. ಓದುವವರು ಓದಿಕೊಳ್ಳಲಿ. ಹೆತ್ತವಳಿಗೆ ಅಷ್ಟೂ ತಿಳಿಯದೇ? ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಹಾಕಿಕೋ.

ಅಮ್ಮ


ಮೇ ೧೯

ಅಮ್ಮ,

ಈ ಪತ್ರವನ್ನು ಯಾರೂ ಓದಿಲ್ಲ. ನನ್ನ ಜೊತೆ ಕೆಲಸ ಮಾಡುವವರು ರಜೆಗೆ ಹೋಗುವಾಗ ತಮ್ಮ ಊರಿನ ಅಂಚೆಪೆಟ್ಟಿಗೆಗೆ ಹಾಕುತ್ತಾರೆ. ನೀನೂ ಇನ್ನು ಮುಂದೆ ಲಕೋಟೆಯ ಹಿಂಬದಿಯಲ್ಲಿರುವ ಅವರ ಮನೆ ವಿಳಾಸಕ್ಕೇ ಬರೆ. ಯಾರಿಗಾದರೂ ಹೇಳದಿದ್ದರೆ ತಲೆ ಕೆಡುತ್ತದೆ ಎನಿಸಿದ್ದರಿಂದ ಹೇಳುತ್ತಿದ್ದೇನೆ.

ಲಿಫ್ಟಿನಲ್ಲಿ ಬಹಳ ಕೆಳಗೆ ಇಳಿದರೆ ಒಂದು ಸಣ್ಣ ಕೋಣೆ. ಎರಡು ಕುರ್ಚಿ, ನೆಲಕ್ಕೆ ಜಡಿದಿದ್ದಾರೆ. ಎರಡರ ಮುಂದೆಯೂ ಒಂದೊಂದು ಕೀಲಿಯ ತೂತು. ಒಬ್ಬರೇ ಎರಡೂ ಕೀಲಿ ತಿರುಗಿಸಲಾಗದಷ್ಟು ದೂರ. ಗೋಡೆಯ ಮೇಲೆ ಒಂದು ದೀಪ, ಒಂದು ಗಂಟೆ. ದೀಪ ಕೆಂಪಾಗಿ ಗಂಟೆ ಹೊಡೆದರೆ ಕೀಲಿ ಹಾಕಬೇಕು. ನಾನು ‘ಒಂದು, ಎರಡು, ಮೂರು’ ಎಂದು ಎಣಿಸಬೇಕು. ಮೂರು ಎಂದಾಗ ಇಬ್ಬರೂ ಒಟ್ಟಿಗೆ ತಿರುಗಿಸಬೇಕು. ಒಂದು ಕೀಲಿಯಿಂದ ಏನೂ ಆಗುವುದಿಲ್ಲ, ಎರಡೂ ಬೇಕು. ಇಷ್ಟೇ ನನ್ನ ಕೆಲಸ.

ತಿರುಗಿಸಿದರೆ ಏನು ಹೊರಡುತ್ತದೆ, ಎಲ್ಲಿ ಹೋಗಿ ಬೀಳುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಗಡಿಯ ಆ ಕಡೆಯವರ ಬಳಿಯೂ ಇಂಥದೇ ಒಂದು ಕೋಣೆ ಇದೆ. ನಮ್ಮದು ಹೊರಟರೆ ಅವರದೂ ಹೊರಡುತ್ತದೆ. ಆಮೇಲೆ ಯಾರೂ ಯಾರ ಕೂದಲನ್ನೂ ಕತ್ತರಿಸುವುದಿಲ್ಲ.

ಆಗಾಗ ಅಭ್ಯಾಸ ನಡೆಯುತ್ತದೆ. ಅವತ್ತು ಕೀಲಿಯ ಸಂಪರ್ಕವನ್ನು ಮೇಲೇ ತಪ್ಪಿಸಿರುತ್ತಾರೆ, ಆದರೆ ನಮಗೆ ತಿಳಿಸುವುದಿಲ್ಲ. ಅದೇ ದೀಪ, ಅದೇ ಗಂಟೆ. ತಿರುಗಿಸಿ, ಲಿಫ್ಟಿನಲ್ಲಿ ಮೇಲೆ ಬಂದು, ಬಾಗಿಲು ತೆಗೆದು, ಅಂಗಳದಲ್ಲಿ ಮರ ಇದೆಯೇ ಎಂದು ನೋಡಬೇಕು. ಮರ ಇದ್ದರೆ ಅಭ್ಯಾಸ. ಇವತ್ತಿನವರೆಗೆ ಪ್ರತಿ ಸಲವೂ ಇತ್ತು. ಮೊದಮೊದಲು ಕೈ ನಡುಗುತ್ತಿತ್ತು. ಈಗ ನಡುಗುವುದಿಲ್ಲ, ಗಂಟೆ ಕೇಳಿದರೆ ಕೈ ತಾನಾಗಿಯೇ ಹೋಗುತ್ತದೆ. ನನಗೆ ಹೆದರಿಕೆ ಇರುವುದು ಅದಕ್ಕೇ.

ಎರಡನೆಯ ಕುರ್ಚಿಯವರು ನಿನ್ನ ವಯಸ್ಸಿನವರು, ಇಲ್ಲಿ ಬಹಳ ವರ್ಷದಿಂದ ಇದ್ದಾರೆ. ದಿನವಿಡೀ ಬಾಯಿ ತೆರೆದು ಆಕಳಿಸುತ್ತಾರೆ. ಎಲ್ಲರ ಬಾಯಲ್ಲೂ ಅವರು ಆಕಳಿಕೆಯಣ್ಣ. ಊಟದ ಚಪಲ ಬೇರೆ. ‘ಹಣ್ಣಿದೆಯೇನಮ್ಮಾ ಇವತ್ತು?’ ಎಂದು ಅಡುಗೆಮನೆಯ ಕಿಟಕಿಯಲ್ಲಿ ಕೇಳದೆ ಒಂದು ದಿನವೂ ಕೆಳಗೆ ಇಳಿದವರಲ್ಲ. ಹೊಟ್ಟೆಬಾಕ ಎಂದು ರೇಗಿಸುತ್ತೇನೆ. ಮತ್ತೊಂದು ಸಲ ಆಕಳಿಸಿ ಸುಮ್ಮನಾಗುತ್ತಾರೆ. ಈ ಪತ್ರ ತಲುಪಿಸುತ್ತಿರುವವರು ಅವರೇ.

ಪಿಟೀಲು


ಜೂನ್ ೧

ನನ್ನ ಕಂದ,

ಪತ್ರ ಕೈಗೆ ಬಂದಾಗ ಬ್ಯಾಂಕಿನ ಮೇಡಂ ತಲೆಗೆ ಅರ್ಧ ಬಣ್ಣ ಹಚ್ಚಿದ್ದೆ. ಉಳಿದರ್ಧ ಮರೆತೇ ಹೋಯಿತು. ಅವರು ಹಾಗೇ ಮನೆಗೆ ಹೋಗಿ, ಗಂಡ ಹೇಳಿದ ಮೇಲೆ ವಾಪಸ್ ಬಂದು ರಂಪ ಮಾಡಿದರು. ನನ್ನ ಕಿವಿಗೆ ಒಂದು ಮಾತೂ ಬೀಳಲಿಲ್ಲ.

ಸರ್ಕಾರಿ ಕೆಲಸ, ಕೂತಲ್ಲೇ ಸಂಬಳ ಎಂದು ಬೀದಿಗೆಲ್ಲ ಡಂಗುರ ಸಾರಿದ್ದೆ. ಕೂತಲ್ಲೇ ಎಂಬುದೊಂದು ನಿಜವಾಯಿತು.

ಉದ್ದುದ್ದ ಬರೆಯಲು ನನಗೆ ಬರುವುದಿಲ್ಲ. ಕೇಳು. ಇನ್ನೊಂದು ಸಲ ಆ ಗಂಟೆ ಹೊಡೆದರೆ ನೀನು ಎಣಿಸಕೂಡದು. ಒಂದು ಎನ್ನಕೂಡದು. ಅಭ್ಯಾಸವೋ ನಿಜವೋ, ಅದು ನಿನಗೆ ಬೇಡ. ಕೈ ತೆಗೆದುಬಿಡು. ನಾನು ಬದುಕಿರಬೇಕೆಂದು ನಿನಗಿದ್ದರೆ ಹಾಗೆ ಮಾಡು. ನನ್ನಾಣೆ.

ಅಮ್ಮ


ಜೂನ್ ೨೪

ಅಮ್ಮ,

ಆಣೆ ಹಾಕುವುದು ಸುಲಭ. ಅಭ್ಯಾಸದಲ್ಲಿ ತಿರುಗಿಸದವರನ್ನು ಇಲ್ಲಿ ಅವತ್ತೇ ಮನೆಗೆ ಕಳಿಸುತ್ತಾರೆ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವನು ಹಾಗೇ ಹೋದದ್ದು. ಅವನಿಗಿಂತ ಮೊದಲಿನವನೂ ಅಷ್ಟೇ. ನಾನು ಹೋದರೆ ನನಗಿಂತ ಚುರುಕಾದವಳು ಬಂದು ಕೂರುತ್ತಾಳೆ. ಯೋಚಿಸಿ ನೋಡು. ಅಂಜುವವರನ್ನೆಲ್ಲ ಹೀಗೆ ಒಬ್ಬೊಬ್ಬರಾಗಿ ಆರಿಸಿ ಹೊರಗೆ ಹಾಕಿದರೆ ಕೊನೆಗೆ ಉಳಿಯುವವರು ಯಾರು? ನಾನಾದರೂ ಇಲ್ಲಿರುವುದು ವಾಸಿ ಎಂದು ಒಂದೊಂದು ಸಲ ಅನಿಸುತ್ತದೆ.

ಆಕಳಿಕೆಯಣ್ಣನನ್ನು ಕೇಳಿಯೇಬಿಟ್ಟೆ: ‘ನಿಜವಾಗ್ಲೂ ಹೊಡೆದ್ರೆ ನೀವೇನ್ ಮಾಡ್ತೀರಿ?’

‘ನಿದ್ದೆ ಬರ್ತಿದೆ ಕಣಮ್ಮ, ಆಮೇಲೆ ಕೇಳು’ ಎಂದರು. ಆಮೇಲೆಯೂ ಕೇಳಿದೆ. ಆಗಲೂ ನಿದ್ದೆ ಬರುತ್ತಿತ್ತಂತೆ.

ಆಣೆ ವಾಪಸ್ ತೆಗೆದುಕೋ, ಅಮ್ಮ. ಅದು ತಲೆಯೊಳಗೆ ಕೂತರೆ ನನಗೆ ಇಲ್ಲಿ ಕೂರಲಾಗುವುದಿಲ್ಲ.

ಪಿಟೀಲು


ಜುಲೈ ೬

ಪಿಟೀಲು,

ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಬೀದಿಯ ಮುಖವೇ ಬದಲಾಗಿದೆ. ಆ ಕಡೆಯವರೊಂದಿಗೆ ಮಾತುಕತೆ ಮುರಿದುಬಿತ್ತಂತೆ. ಮೇಣದಬತ್ತಿ, ಬೆಂಕಿಪೊಟ್ಟಣ ಎಲ್ಲೂ ಸಿಗುತ್ತಿಲ್ಲ. ಎದುರುಮನೆಯ ಲಾಯರು ಕಿಟಕಿಗಳಿಗೆಲ್ಲ ಕಂದು ಕಾಗದ ಅಂಟಿಸಿದ್ದಾರೆ. ‘ಇದ್ರಿಂದ ಏನ್ ತಡೀತೀರಿ ಸಾರ್?’ ಎಂದು ಕೇಳಿದರೆ, ‘ಬಿಸಿಲು’ ಎಂದು ಒಳಗೆ ಹೋಗಿಬಿಟ್ಟರು. ಮೊದಲು ಲೋಕ ಮುಗಿಯುವ ಮಾತಾಡಿ ನಗುತ್ತಿದ್ದವರು ಈಗ ಆ ಸುದ್ದಿಯನ್ನೇ ಎತ್ತುವುದಿಲ್ಲ. ಕತ್ತರಿಯ ಸದ್ದು ಬಿಟ್ಟರೆ ಅಂಗಡಿಯಲ್ಲಿ ಸದ್ದಿಲ್ಲ. ವಿಜ್ಞಾನದ ಟೀಚರು ಡೈ ಬೇಡ, ಬರೀ ತುದಿ ಕತ್ತರಿಸಿ ಎಂದರು.

ನಿನ್ನ ಜಾಗಕ್ಕೆ ಚುರುಕಾದವಳು ಬರುತ್ತಾಳೆ ಎಂದೆಯಲ್ಲ. ಬರಲಿ. ಅದು ಅವಳ ಪಾಡು, ಅವಳಮ್ಮನ ಪಾಡು. ಊರನ್ನೆಲ್ಲ ಕಾಯಲು ನನ್ನಿಂದಾಗದು. ನನಗೆ ಬೇಕಾದದ್ದು ನನ್ನ ಮಗಳ ಕೈ. ಅದು ಆ ಕೀಲಿಯ ಮೇಲೆ ಇರಕೂಡದು. ಮನೆಗೆ ಕಳಿಸಿದರೆ ಕಳಿಸಲಿ, ಇಲ್ಲಿ ಎರಡನೆಯ ಕುರ್ಚಿ ಖಾಲಿಯೇ ಇದೆ.

ಅಮ್ಮ


ಆಗಸ್ಟ್ ೩೦

ಅಮ್ಮ,

ನಿನ್ನ ಆಣೆ ನಡೆಸಿಕೊಟ್ಟೆ. ಇನ್ನು ನೆಮ್ಮದಿಯಾಗಿರು.

ಹೋದ ವಾರದ ಮಾತು. ಬೆಳಗ್ಗೆ ಇಳಿಯುವ ಮೊದಲು ಆಕಳಿಕೆಯಣ್ಣ ಎಂದಿನಂತೆ ಕಿಟಕಿಯಲ್ಲಿ ಕೇಳಿದರು. ‘ಇವತ್ತೆಲ್ಲಿಯ ಹಣ್ಣಪ್ಪಾ’ ಎಂದಳು ಅಡುಗೆಯವಳು. ಊಟದ ಹೊತ್ತಿಗೆ ಮೊದಲೇ ಗಂಟೆ ಹೊಡೆಯಿತು. ದೀಪ ಕೆಂಪಾಯಿತು. ಇಬ್ಬರೂ ಕೀಲಿ ಹಾಕಿದೆವು. ನಾನು ಬಾಯಿ ತೆರೆದೆ. ‘ಒಂದು’ ಎನ್ನಲು ನಾಲಿಗೆ ಹೊರಳಲಿಲ್ಲ. ನಿನ್ನ ಹಳದಿ ಗೋಡೆಯ ಅಂಗಡಿ ಕಣ್ಣಮುಂದೆ ಬಂತು. ನಾನಿನ್ನೂ ಅದನ್ನು ನೋಡಿಯೇ ಇಲ್ಲ. ಕೈ ತೆಗೆದು ಎರಡನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತೆ, ಉಗುರು ಕಚ್ಚಬಾರದೆಂದು ನೀನು ಕೂರಿಸುತ್ತಿದ್ದೆಯಲ್ಲ, ಹಾಗೆ.

ಆಕಳಿಕೆಯಣ್ಣ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಆಕಳಿಸಲೂ ಇಲ್ಲ. ಮೂಲೆಯ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಗಂಟೆ ಹೊಡೆದ ಮೇಲೆ ಫೋನು ಎತ್ತಬಾರದೆಂದು ನಿಯಮ, ಅದಕ್ಕೇ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ದೀಪ ತಾನಾಗಿಯೇ ಆರಿತು. ಮೇಲೆ ಬಂದೆವು. ಮರ ಇತ್ತು.

ಮೇಲಿನವರು ‘ಅಭ್ಯಾಸ’ ಎಂದರು. ಒಂದು ಅಭ್ಯಾಸಕ್ಕೇ ಹೆದರಿ ಕೈಬಿಟ್ಟವಳು ಎಂದು ನನಗೆ ಹಣೆಪಟ್ಟಿ ಕಟ್ಟಿದರು. ಊಟದ ಮನೆಯಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಗಾಡಿ ಹತ್ತಿಸಿದರು. ದಾರಿಯಲ್ಲಿ ಒಂದು ಹೋಟೆಲಿನಿಂದ ಇದನ್ನು ಬರೆಯುತ್ತಿದ್ದೇನೆ, ನಾಲ್ಕು ದಿನ ಇಲ್ಲೇ ಇದ್ದು ಬರುತ್ತೇನೆ. ನಿನ್ನೆದುರು ಬರಲು ಮುಖವಿಲ್ಲ. ಬಂದಾಗ ಯಾರೇನು ಕೇಳಿದರೂ ಮೈಗೆ ಹುಷಾರಿರಲಿಲ್ಲ ಎಂದುಬಿಡು.

ಪಿಟೀಲು


ಅಕ್ಟೋಬರ್ ೧೨

ಪಿಟೀಲಿನ ಅಮ್ಮನಿಗೆ ನಮಸ್ಕಾರ.

ನಾನು ಎರಡನೆಯ ಕುರ್ಚಿಯಲ್ಲಿದ್ದವನು. ಈ ಪತ್ರವನ್ನು ಮೊದಲು ನೀವೊಬ್ಬರೇ ಓದಿ, ಮಗಳಿಗೆ ತೋರಿಸಬೇಕೋ ಬೇಡವೋ ಆಮೇಲೆ ನೋಡಿ. ನನ್ನನ್ನೂ ಮನೆಗೆ ಕಳಿಸಿದರು. ‘ಅವಳು ಎಣಿಸಿದ್ದರೆ ನೀನು ತಿರುಗಿಸುತ್ತಿದ್ದೆಯಾ?’ ಎಂದು ಕೇಳಿದರು. ಹೌದು ಎಂದೆ. ಹಾಗೆನ್ನುವುದು ಸ್ವಲ್ಪ ತಡವಾಯಿತು. ಅವರಿಗೆ ಅಷ್ಟು ಸಾಕಾಯಿತು.

ನನ್ನ ಹಣ್ಣಿನ ಹುಚ್ಚಿನ ವಿಷಯ ಮಗಳು ಬರೆದಿರಬಹುದು. ನನಗೆ ಹಣ್ಣು ಸೇರುವುದೇ ಇಲ್ಲ. ಅಭ್ಯಾಸದ ದಿನ ಅದನ್ನು ನೋಡಲು ದೊಡ್ಡ ಸಾಹೇಬರು ಬರುತ್ತಾರೆ. ಅವರ ತಟ್ಟೆಗೆಂದು ಅಡುಗೆಯವಳು ಹಣ್ಣು ತರಿಸುತ್ತಾಳೆ, ಉಳಿದದ್ದು ನಮಗೆ. ಹಣ್ಣಿದ್ದರೆ ಆ ದಿನದ ಗಂಟೆ ಸುಳ್ಳು. ಆ ದಿನಗಳಲ್ಲಿ ನಿಶ್ಚಿಂತೆಯಿಂದ ತಿರುಗಿಸಿದ್ದೇನೆ. ಹಣ್ಣು ಇಲ್ಲದ ದಿನ ಗಂಟೆ ಹೊಡೆದರೆ ತಿರುಗಿಸಬಾರದು ಎಂದು ಸೇರಿದ ವರ್ಷವೇ ತೀರ್ಮಾನ ಮಾಡಿಕೊಂಡಿದ್ದೆ. ನನ್ನ ಆಕಳಿಕೆಯೂ ಆ ಒಂದು ದಿನಕ್ಕಾಗಿ ಕಲಿತದ್ದು. ‘ನಿದ್ದೆಗಣ್ಣು, ಕೈ ತಡವಾಯಿತು’ ಎಂದರೆ ಜನ ನಂಬಬೇಕಲ್ಲ. ಬೈಗುಳ ತಿಂದು ಅಲ್ಲೇ ಉಳಿದುಕೊಳ್ಳುವ ಆಸೆಯಿತ್ತು.

ಅವತ್ತು ಹಣ್ಣಿರಲಿಲ್ಲ.

ಸಾಹೇಬರೂ ಬಂದಿರಲಿಲ್ಲ. ಅಭ್ಯಾಸದ ದಿನ ಫೋನು ಎಂದೂ ಹಾಗೆ ಬಡಿದುಕೊಂಡದ್ದಿಲ್ಲ. ಬೇಡ, ತಿರುಗಿಸಬೇಡಿ ಎನ್ನಲು ಮೇಲಿನವರು ಫೋನು ಮಾಡುತ್ತಿದ್ದರಂತೆ. ನಿಮ್ಮ ಮಗಳು ಹೊರಟ ಮೇಲೆ ತಂತಿ ಕೆಲಸದವರು ಬಂದು ಗೋಡೆ ಒಡೆದರು. ಒಳಗೆ ತೇವ ಹಿಡಿದು ಎರಡು ತಂತಿ ಕೂಡಿಕೊಂಡಿದ್ದವಂತೆ. ಆ ಕಡೆಯವರು ಏನೂ ಮಾಡಿರಲಿಲ್ಲ, ಈ ಕಡೆಯವರು ಏನೂ ಹೇಳಿರಲಿಲ್ಲ. ಗೋಡೆಯ ತೇವ ಗಂಟೆ ಹೊಡೆಯಿತು. ಅದನ್ನು ಒಪ್ಪಿಕೊಳ್ಳಲಾರದೆ ಅಭ್ಯಾಸ ಎಂದರು. ಕೀಲಿಯ ಸಂಪರ್ಕವನ್ನು ಅವತ್ತು ಯಾರೂ ತಪ್ಪಿಸಿರಲಿಲ್ಲ.

ನಿಮ್ಮ ಮಗಳು ಹೆದರಿದವಳಲ್ಲ. ಅವಳು ‘ಮೂರು’ ಎಂದಿದ್ದರೆ ಉಳಿಯುತ್ತಿದ್ದದ್ದು ನನ್ನ ಕೈಯೊಂದೇ. ಅಷ್ಟು ವರ್ಷದಿಂದ ತಯಾರಾಗಿದ್ದ ಕೈ ಆ ಗಳಿಗೆಯಲ್ಲಿ ಏನು ಮಾಡುತ್ತಿತ್ತು ಎಂದು ಈಗ ಎಷ್ಟು ಕೇಳಿಕೊಂಡರೂ ನನಗೆ ಉತ್ತರ ಸಿಗುತ್ತಿಲ್ಲ.

ಅಡುಗೆಯವಳು ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದಳು. ನಮ್ಮ ಕುರ್ಚಿಗಳಿಗೆ ಬಂದಿರುವ ಇಬ್ಬರೂ ಬಹಳ ಚುರುಕಂತೆ. ಗಂಟೆಯ ಸದ್ದು ಮುಗಿಯುವ ಮೊದಲೇ ತಿರುಗಿಸುತ್ತಾರಂತೆ, ಸಾಹೇಬರು ಬೆನ್ನು ತಟ್ಟಿದರಂತೆ. ಒಡೆದ ಗೋಡೆಗೆ ಗಾರೆ ಮೆತ್ತಿದ್ದಾರೆ. ಆದರೆ ನಾನು ಆ ಕೋಣೆಯಲ್ಲಿ ಎಷ್ಟೋ ಚಳಿಗಾಲ ಕಳೆದವನು. ಚಳಿ ಬಿದ್ದರೆ ಆ ಗೋಡೆ ಬೆವರುತ್ತದೆ.

ಮೇಲಿನವರಿಗೆ ಬರೆದೆ. ತಲೆಕೆಟ್ಟವನ ಮಾತು ಎಂದು ತಳ್ಳಿಹಾಕಿದರು. ಇನ್ನು ನನಗೆ ದಾರಿ ತೋರುತ್ತಿಲ್ಲ. ಮಗಳಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು.

ಎರಡನೆಯ ಕುರ್ಚಿಯವನು


ನವೆಂಬರ್ ೯

ಆಕಳಿಕೆಯಣ್ಣ,

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೈ ನಡುಗಿ ಎದ್ದುಬಿಡುತ್ತಿದ್ದೆ. ಕತ್ತರಿ ಹಿಡಿದಾಗ ಮಾತ್ರ ನಡುಗುವುದಿಲ್ಲ. ಅದೂ ನಿಮ್ಮ ಕೋಣೆಯ ಹಾಗೇ, ಕೈಗೆ ಅಭ್ಯಾಸ.

ಓದಿದ ತಕ್ಷಣ ಹೊರಗೆ ಓಡಿ ಬೀದಿಗೆಲ್ಲ ಕೂಗಿ ಹೇಳಬೇಕೆನಿಸಿತು. ನನ್ನ ಮಗಳು ಏನು ಮಾಡಿದಳು ಗೊತ್ತೇ ನಿಮಗೆ? ನೀವೆಲ್ಲ ಇವತ್ತು ಬೆಳಗ್ಗೆ ಹಲ್ಲುಜ್ಜಿದ್ದು ಅವಳಿಂದ! ಬಾಗಿಲವರೆಗೆ ಹೋದೆ. ಅವಳು ಪೊರಕೆ ಹಿಡಿದು ಕೂದಲು ಗುಡಿಸುತ್ತಿದ್ದಳು. ಏನೋ ರಾಗ ಗುನುಗುತ್ತಿದ್ದಳು, ಶ್ರುತಿ ತಪ್ಪಿ, ಚಿಕ್ಕವಳಿದ್ದಾಗ ಗುನುಗುತ್ತಿದ್ದ ಹಾಗೆ. ಮನೆಗೆ ಬಂದ ಮೇಲೆ ನಾನು ಅದನ್ನು ಕೇಳಿದ್ದು ಅದೇ ಮೊದಲು. ನಾಲಿಗೆ ಕಚ್ಚಿಕೊಂಡೆ.

ಹೇಳಿದರೆ ಅವಳ ನಾಚಿಕೆ ಹೋಗುತ್ತದೆ, ನಿಜ. ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾಳೆ. ಆದರೆ ಆಮೇಲೆ ನನ್ನ ಮಗಳು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು. ‘ಈಗ ಆ ಕುರ್ಚಿಗಳಲ್ಲಿ ಯಾರಿದ್ದಾರೆ?’ ಅದಕ್ಕೆ ಉತ್ತರ ಕೊಟ್ಟ ಮೇಲೆ ಅವಳು ಇನ್ನೊಂದು ದಿನವೂ ನಿದ್ದೆ ಮಾಡುವುದಿಲ್ಲ. ನಾನು ಮಾಡುತ್ತಿಲ್ಲ, ನೀವೂ ಮಾಡುತ್ತಿರಲಾರಿರಿ. ಮನೆಗೊಬ್ಬರು ಸಾಕು.

ಅವಳ ಜಾಗಕ್ಕೆ ಯಾರು ಬಂದರೂ ಅದು ಅವರಮ್ಮನ ಪಾಡು ಎಂದು ನಾನೇ ಬರೆದಿದ್ದೆ. ಎಂಥ ಮಾತಾಡಿದೆ, ಅಣ್ಣ! ನನ್ನ ಮಗಳ ಕೈಯನ್ನು ಉಳಿಸಿಕೊಳ್ಳಬೇಕೆಂದು ಹೊರಟೆ, ಉಳಿಸಿಕೊಂಡೆ. ಅದರ ಜೊತೆಗೆ ನಿಮ್ಮ ಕೈಯನ್ನೂ ಅಲ್ಲಿಂದ ಎಳೆದುಹಾಕಿದೆ. ನೀವು ಅಷ್ಟು ವರ್ಷ ಆಕಳಿಸಿ ಕಾಯ್ದುಕೊಂಡು ಬಂದ ಜಾಗ ಅದು. ಈಗ ಆ ಇಬ್ಬರ ಅಮ್ಮಂದಿರು ಯಾವ ಊರಿನಲ್ಲಿದ್ದಾರೋ, ಅವರ ಎದುರು ಯಾರು ಕೂತು ಏನು ಮಾತಾಡುತ್ತಾರೋ. ಸಿಕ್ಕರೆ ಕಾಲಿಗೆ ಬೀಳುತ್ತೇನೆ, ಮಕ್ಕಳಿಗೆ ಆಣೆ ಹಾಕಿ ಎನ್ನುತ್ತೇನೆ.

ಅಂಗಡಿಯಲ್ಲಿ ಮತ್ತೆ ಮಾತು ಶುರುವಾಗಿದೆ. ಮಾತುಕತೆ ಮತ್ತೆ ಕೂಡಿಬಂತಂತೆ, ಲಾಯರು ಕಿಟಕಿಯ ಕಾಗದ ಕೆರೆದು ತೆಗೆದರು. ಬ್ಯಾಂಕಿನ ಮೇಡಂಗೆ ಮತ್ತೆ ಆಕಾಶದ ಕಲ್ಲಿನ ಮೇಲೆಯೇ ನಂಬಿಕೆ. ಕಲ್ಲು, ರೋಗ, ಸೂರ್ಯ. ಗೋಡೆಯ ತೇವ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೊರಗೆ ಚಳಿ ಬಿದ್ದಿದೆ. ಬೆಳಗ್ಗೆ ಕನ್ನಡಿಗಳ ಮೇಲೆ ಹನಿ ಕೂತಿರುತ್ತದೆ, ಒರೆಸಿದಷ್ಟೂ ಬರುತ್ತದೆ. ಮೊದಲು ಅದನ್ನು ನೋಡಿಯೂ ನೋಡದಂತೆ ಒರೆಸುತ್ತಿದ್ದೆ.

ಇವತ್ತು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಪಕ್ಕಕ್ಕೆ ಬಂದು ನಿಂತಳು.

‘ಅಮ್ಮಾ, ಒಂದು ಕೇಳ್ಲಾ? ಸುಳ್ಳು ಹೇಳ್ಬಾರ್ದು. ಬರೀ ಅಭ್ಯಾಸಕ್ಕೇ ಹೆದರ್ಕೊಂಡು ಬಂದ್ಬಿಟ್ನಲ್ಲ, ನಿಂಗೆ ನಾಚ್ಕೆ ಆಗ್ಲಿಲ್ವಾ?’

ನಿಮ್ಮ ಪತ್ರ ಆಗಲೂ ನನ್ನ ಏಪ್ರನ್ನಿನ ಜೇಬಿನಲ್ಲೇ ಇತ್ತು.

‘ಆಯ್ತು’ ಎಂದೆ. ‘ಸ್ವಲ್ಪ.’

ಅವಳು ತಲೆಯಾಡಿಸಿದಳು. ಅಷ್ಟೇ ಅಲ್ಲವೇ ಎಂಬಂತೆ ನಕ್ಕಳು ಕೂಡ. ಆಮೇಲೆ ಗಿರಾಕಿಯ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಹಾಗೇ ನಿದ್ದೆಹೋದಳು. ನಾನು ಎರಡನೆಯ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಡುನಡುವೆ ಎದ್ದು ಬಾಗಿಲವರೆಗೆ ಹೋಗಿ ಬೀದಿ ನೋಡಿ ಬರುತ್ತೇನೆ. ಲಾಯರ ಮನೆಯ ಮುಂದೆ ಒಂದು ಮರ ಇದೆ. ಈಗ ತಾನೇ ನೋಡಿ ಬಂದೆ, ಇದೆ.

ಪಿಟೀಲಿನ ಅಮ್ಮ